ಗುಡ್ಡಪ್ಪ ತುಂಬಿದ ಮಡಿಲು

ಲೋಕ ಆಗಿನ್ನೂ ಹೊಸತು. ಗುಡ್ಡಗಳ ಮೈಮೇಲಿನ ಮಣ್ಣು ಮೆತ್ತಗಿತ್ತು. ಯಾವ ಹಳ್ಳ ಎತ್ತ ಹರಿಯಬೇಕು, ಯಾವ ಹಕ್ಕಿ ಎಲ್ಲಿ ಕೂರಬೇಕು ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೊಕ್ಕರೆ ಕೂಡ ಆಗ ಎಲ್ಲ ಹಕ್ಕಿಗಳ ಹಾಗೆ ಎರಡೂ ಕಾಲೂರಿಯೇ ನಿಲ್ಲುತ್ತಿತ್ತು. ಒಂದು ಕಾಲು ಮಡಚಿ ನಿಲ್ಲುವ ಅಭ್ಯಾಸ ಅದಕ್ಕೆ ಬಂದದ್ದು ಆಮೇಲೆ. ಅದು ಹೇಗೆ ಬಂತು ಎಂದು ತಿಳಿಯಬೇಕಾದರೆ ಮೊದಲು ದ್ಯಾವಮ್ಮನ ಪರಿಚಯ ಆಗಬೇಕು.

ದ್ಯಾವಮ್ಮನದು ಗಟ್ಟಿ ಮೈ, ಗಟ್ಟಿ ಬಾಯಿ, ಮನಸ್ಸು ಮಾತ್ರ ಬೆಣ್ಣೆ. ಅವಳಿಗೆ ಮಕ್ಕಳಿರಲಿಲ್ಲ. ಊರಿನವರನ್ನೆಲ್ಲ ಕಟ್ಟಿಕೊಂಡು ಎರಡು ದಿಣ್ಣೆಗಳ ನಡುವೆ ಮಣ್ಣಿನ ಏರಿ ಹಾಕಿಸಿ, ಲೋಕದ ಮೊಟ್ಟಮೊದಲ ಕೆರೆಯನ್ನು ಕಟ್ಟಿಸಿದಳು. ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹೋಗಲಿ ಎಂದು ಏರಿಯ ಒಂದು ತುದಿಯಲ್ಲಿ ಕಲ್ಲಿನ ಕೋಡಿ ಮಾಡಿಸಿದಳು. ಎಲ್ಲ ಮುಗಿದ ದಿನ ಏರಿಯ ಮೇಲೆ ಕೂತು, ಕೈಯ ಮಣ್ಣು ಒರೆಸಿಕೊಳ್ಳುತ್ತ, "ಇವ್ನೇ ನನ್ ಮಗ" ಅಂದಳು.

ಮಗನೇನೋ ಆದ. ಆದರೆ ಒಂದು ತೊಟ್ಟು ನೀರಿಲ್ಲದ ಮಗ. ಬಾಯಿ ತೆರೆದುಕೊಂಡು ಆಕಾಶ ನೋಡುತ್ತ ಮಲಗಿದ್ದ.

"ಮಗ ಬೆಳೆದವ್ನೆ. ಮದುವೆ ಮಾಡು ದ್ಯಾವಕ್ಕ" ಅಂದಿತು ಕೊಕ್ಕರೆ. ಕೊಕ್ಕರೆಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟ. ಮೂಗು ಅಷ್ಟುದ್ದ ಇದ್ದ ಮೇಲೆ ಇನ್ನೇನು ಮಾಡುತ್ತದೆ, ಪಾಪ.

ಆ ಊರಿನ ಪಡುವಣಕ್ಕೆ ಒಬ್ಬ ಗುಡ್ಡಪ್ಪನಿದ್ದ. ಮೈತುಂಬ ಕೆಂಪು ಮಣ್ಣಿನ ದಪ್ಪ ಗುಡ್ಡ. ಅವನಿಗೆ ಒಬ್ಬಳೇ ಮಗಳು, ಹಳ್ಳ. ಹೆಸರು ತಿಳಿಯವ್ವ. ಹೆಸರಿಗೆ ತಕ್ಕಂತೆ ತಿಳಿಯಾದ ಹುಡುಗಿ, ನಗುತ್ತ ಕುಣಿಯುತ್ತ ಸಿಕ್ಕಸಿಕ್ಕಲ್ಲಿ ಹರಿಯುತ್ತಿದ್ದಳು. ದ್ಯಾವಮ್ಮ ಒಗೆದ ಸೀರೆ ಉಟ್ಟು, ಎಲೆ ಅಡಿಕೆ ಹಿಡಿದು ಗುಡ್ಡ ಹತ್ತಿದಳು.

"ನಿಮ್ ಮಗಳನ್ನ ನಮ್ ಕೆರೆಗೆ ಕೊಡಿ" ಎಂದು ನೇರವಾಗಿ ಕೇಳಿದಳು.

ಗುಡ್ಡಪ್ಪ ಬಹಳ ಹೊತ್ತು ಸುಮ್ಮನಿದ್ದ. ಗುಡ್ಡಗಳು ಯೋಚನೆ ಮಾಡುವುದು ನಿಧಾನ.

"ಕೊಡ್ತೀನಿ" ಅಂದ ಕೊನೆಗೆ. "ಬೇಸಿಗೇಲಿ ಅವ್ಳು ತವರಿಗೆ ಬರಬೇಕು. ಮೊದಲ ಮಳೆಗೆ ನಾನೇ ಕಳಿಸಿಕೊಡ್ತೀನಿ. ಇನ್ನೊಂದು ಮಾತು ಬೀಗಿತ್ತಿ. ನನ್ ಮಗಳನ್ನ ಬರೀ ಮಡಿಲಲ್ಲಿ ಕಳಿಸಾಕಿಲ್ಲ. ನಮ್ಮಲ್ಲಿ ಅಕ್ಕಿ ಇಲ್ಲ, ಬೆಲ್ಲ ಇಲ್ಲ, ಕೊಬ್ಬರಿ ಇಲ್ಲ. ಇರೋದು ಮಣ್ಣು. ಅದನ್ನೇ ತುಂಬಿ ಕಳಿಸ್ತೀನಿ. ಬೇಡ ಅನ್ನಬಾರದು."

"ತವರಿನ ಮಡಿಲು ಬೇಡ ಅನ್ನೋರುಂಟಾ!" ಅಂದಳು ದ್ಯಾವಮ್ಮ.

ಹಾಗೆ ಮದುವೆ ಆಯಿತು. ಮೊದಲ ಮಳೆ ಬಿದ್ದ ದಿನ ತಿಳಿಯವ್ವ ಮಡಿಲು ತುಂಬ ಕೆಂಪು ಮಣ್ಣು ಕಟ್ಟಿಕೊಂಡು, ಮೈಯೆಲ್ಲ ಕೆಂಪಾಗಿ, ಗುಡುಗುಡು ಸದ್ದು ಮಾಡುತ್ತ ಇಳಿದು ಬಂದಳು. ಕೆರೆಯ ಬಾಯಲ್ಲಿ ಒಂದು ಚಪ್ಪಟೆ ಕಲ್ಲಿತ್ತು. ದ್ಯಾವಮ್ಮ ಅದರ ಮೇಲೆ ಆರತಿ ತಟ್ಟೆ ಇಟ್ಟು, ಸೊಸೆಗೆ ದೃಷ್ಟಿ ತೆಗೆದು ಒಳಗೆ ಕರೆದುಕೊಂಡಳು. ತಿಳಿಯವ್ವ ಕೆರೆಯೊಳಗೆ ಕಾಲಿಟ್ಟವಳೇ ಓಟ ನಿಲ್ಲಿಸಿ, ಉಸ್ಸಪ್ಪಾ ಎಂದು ಕೂತು, ಮಡಿಲಿನ ಮಣ್ಣನ್ನೆಲ್ಲ ಅಲ್ಲೇ ಕೆಳಗಿಟ್ಟಳು. ಎರಡು ದಿನ ಕಳೆಯುವುದರೊಳಗೆ ನೀರು ಮತ್ತೆ ತಿಳಿಯಾಯಿತು.

ಆ ವರ್ಷ ಒಂಬತ್ತು ಮಳೆಗೆ ಕೆರೆ ತುಂಬಿ ಕೋಡಿ ಹರಿಯಿತು. ಊರಿನವರು ಕುಣಿದಾಡಿದರು. ಹೊಂಗೆ ಹೂ ಬಿಟ್ಟು ಉದುರುವವರೆಗೂ ಕೆರೆಯಲ್ಲಿ ನೀರಿತ್ತು. ಬಿಸಿಲು ಜೋರಾದ ಮೇಲೆ ತಿಳಿಯವ್ವ ಹಬೆಯಾಗಿ ಎದ್ದು, ಮೋಡವಾಗಿ ತವರಿಗೆ ಹೋದಳು.

ಮರುವರ್ಷ ಏಳೇ ಮಳೆಗೆ ಕೋಡಿ ಹರಿಯಿತು. "ಸೊಸೆಗೆ ನಮ್ ಮೇಲೆ ಪ್ರೀತಿ ಜಾಸ್ತಿ ಆಗೈತೆ" ಎಂದು ಊರಿನವರು ಬೀಗಿದರು. ಅದರ ಮುಂದಿನ ವರ್ಷ ಐದೇ ಮಳೆ. "ನೋಡಿದ್ರಾ, ನೋಡಿದ್ರಾ!" ಅಂದರು. ನಾಲ್ಕನೆಯ ವರ್ಷ ನಾಲ್ಕೇ ಮಳೆಗೆ ಕೋಡಿ ಹರಿದಾಗ ಊರಿನಲ್ಲಿ ಹೋಳಿಗೆ ಊಟವೇ ಆಯಿತು.

ಆದರೆ ಒಂದು ಮಾತು ಯಾರೂ ಬಾಯಿಬಿಟ್ಟು ಆಡಲಿಲ್ಲ. ಕೆರೆ ಎಷ್ಟು ಬೇಗ ತುಂಬುತ್ತಿತ್ತೋ ಅಷ್ಟೇ ಬೇಗ ಬರಿದಾಗುತ್ತಿತ್ತು. ಈಗ ಹೊಂಗೆ ಹೂವಿನವರೆಗೆ ಎಲ್ಲಿಯ ಮಾತು, ಅವರೆಕಾಯಿ ಮುಗಿಯುವ ಹೊತ್ತಿಗೇ ಕೆರೆಯ ತಳ ಕಾಣುತ್ತಿತ್ತು. ಕೊನೆಗೆ ಹೆಂಗಸರು ಪಿಸುಗುಟ್ಟಿದರು: "ತಿಳಿಯವ್ವಂಗೆ ಅತ್ತೆಮನೆ ಸಾಕಾಗೈತೆ. ಅದಕ್ಕೇ ಬೇಗ ಬೇಗ ತವರಿಗೆ ಓಡ್ತಾಳೆ."

ಆ ಮಾತು ದ್ಯಾವಮ್ಮನ ಕಿವಿಗೂ ಬಿತ್ತು. ಅವಳಿಗೆ ಎದೆಯಲ್ಲಿ ಮುಳ್ಳು ಮುರಿದಂತಾಯಿತು. ನಾನು ಏನು ಕಡಿಮೆ ಮಾಡಿದೆ ಈ ಹುಡುಗಿಗೆ ಎಂದು ಏರಿಯ ಮೇಲೆ ಕೂತು ಕಣ್ಣೀರು ಹಾಕಿದಳು.

"ಅಳೋದನ್ನ ನಿಲ್ಲಿಸಿ ನನ್ ಕಾಲು ನೋಡು" ಅಂದಿತು ಕೊಕ್ಕರೆ.

"ನಿನ್ ಕಾಲಿಗೇನಾಗೈತೆ? ಕಡ್ಡಿ ಹಂಗೈತೆ."

"ಕಡ್ಡಿನೇ. ಅದಕ್ಕೇ ಅಳೆಯಾಕೆ ಬತ್ತದೆ. ಕೇಳಿಲ್ಲಿ ದ್ಯಾವಕ್ಕ. ಪ್ರತಿ ವರ್ಷ ಕೋಡಿ ಹರಿಯೋ ದಿನ ನಾನು ಕೆರೆಯೊಳಗಿರೋ ಆ ಕರೀ ಬಂಡೆ ಪಕ್ಕದಲ್ಲೇ ನಿಂತ್ಕೋತೀನಿ. ಮೊದಲ ವರ್ಷ ನೀರು ನನ್ ಹೊಟ್ಟೆ ಮುಟ್ಟತಿತ್ತು. ಆಮೇಲೆ ವರ್ಷಕ್ಕೆ ಮೂರು ಬೆರಳು ಇಳೀತಾ ಬಂತು. ಈಗ ಪಾದದ ಮೇಲೆ ಒಂಬತ್ತೇ ಬೆರಳು ನೀರು."

"ಕೋಡಿ ಹರಿಯೋವಾಗ್ಲಾ? ಕೆರೆ ತುಂಬಿರ್ತದಲ್ಲೇ ಆವಾಗ!"

"ಮೇಲೆ ತುಂಬಿರ್ತದೆ. ನೀವೆಲ್ಲ ಮೇಲೆ ನೋಡ್ತೀರಿ, ನಾನು ಕೆಳಗೆ ನಿಂತಿರ್ತೀನಿ. ನೀರು ಇಳೀತಿಲ್ಲ ದ್ಯಾವಕ್ಕ, ನೆಲ ಏರ್ತಾ ಐತೆ. ವರ್ಷಕ್ಕೆ ಮೂರು ಬೆರಳು, ಉಳಿದಿರೋದು ಒಂಬತ್ತು. ಇನ್ನು ಮೂರು ಮಳೆಗಾಲ ಕಳೆದ್ರೆ ನಾನು ಅಲ್ಲಿ ಒಣಗಿದ ಕಾಲಲ್ಲಿ ನಿಂತಿರ್ತೀನಿ. ಮೀನೂ ಇರಾಕಿಲ್ಲ, ನೀವೂ ಇರಾಕಿಲ್ಲ."

ದ್ಯಾವಮ್ಮ ಆ ಸಂಜೆಯೇ ಊರಿನವರನ್ನು ಏರಿಯ ಮೇಲೆ ಸೇರಿಸಿದಳು. ಕೊಕ್ಕರೆ ಎಲ್ಲರೆದುರು ಗತ್ತಿನಿಂದ ಬಂದು ನಿಂತಿತು. ಊರಿಗೆ ಹಿರಿಯ ಮುದ್ದಜ್ಜ ಕಣ್ಣು ಕಿರಿದು ಮಾಡಿಕೊಂಡು ಕೇಳಿದ.

"ಹೋದ ವರ್ಷ ನೀರು ಎಲ್ಲಿಗಿತ್ತು, ತೋರಿಸು ನೋಡಾನ."

ಕೊಕ್ಕರೆ ಬಲಗಾಲು ನೋಡಿಕೊಂಡಿತು, ಎಡಗಾಲು ನೋಡಿಕೊಂಡಿತು. ಎರಡೂ ಕಾಲು ಫಳಫಳ ಹೊಳೆಯುತ್ತಿದ್ದವು. ದಿನವಿಡೀ ನೀರಲ್ಲಿ ನಿಲ್ಲುವ ಹಕ್ಕಿ, ಕೆಸರಿನ ಗೆರೆ ಎಲ್ಲಿ ಉಳಿಯಬೇಕು? ಎಲ್ಲ ತೊಳೆದು ಹೋಗಿತ್ತು.

"ಗುರುತಿಲ್ಲ" ಅಂದಿತು ಸಣ್ಣ ದನಿಯಲ್ಲಿ.

ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ನಾಲ್ಕೇ ಮಳೆಗೆ ತುಂಬೋ ಕೆರೆ ಕಣ್ರೋ! ಈ ಕೊಕ್ಕರೆ ಮಾತು ಕಟ್ಕೊಂಡ್ರೆ ಆಯ್ತು" ಎಂದು ಮುದ್ದಜ್ಜ ಪಂಚೆ ಕೊಡವಿಕೊಂಡು ಎದ್ದ. ಕೊಕ್ಕರೆಗೆ ಎಷ್ಟು ಅವಮಾನವಾಯಿತೆಂದರೆ, ಮೂರು ದಿನ ಮೀನು ಮುಟ್ಟಲಿಲ್ಲ.

ದ್ಯಾವಮ್ಮ ಮಾತ್ರ ನಗಲಿಲ್ಲ. ಮನೆಗೆ ಹೋಗಿ ಒಂದು ಕೊಡ ತೆಗೆದುಕೊಂಡಳು. ಖಾಲಿ ಕೊಡಕ್ಕೆ ಚೆಂಬಿನಿಂದ ನೀರು ಸುರಿದಳು. ಒಂಬತ್ತು ಚೆಂಬಿಗೆ ತುಂಬಿತು. ನೀರು ಚೆಲ್ಲಿ, ತಳಕ್ಕೆ ನಾಲ್ಕು ಬೊಗಸೆ ಮಣ್ಣು ಹಾಕಿ ಮತ್ತೆ ಸುರಿದಳು. ಐದೇ ಚೆಂಬಿಗೆ ಕೊಡ ತುಂಬಿ ಹೊರಗೆ ಹರಿಯಿತು. ಬೇಗ ತುಂಬಿತು, ಆದರೆ ಕುಡಿಯಲು ಸಿಗುವುದು ಐದೇ ಚೆಂಬು. ದ್ಯಾವಮ್ಮನಿಗೆ ಗುಟ್ಟು ತಿಳಿಯಿತು.

ಸೊಸೆ ಅತ್ತೆಮನೆ ಬಿಟ್ಟು ಓಡುತ್ತಿರಲಿಲ್ಲ. ಸೊಸೆಗೆ ಕೂರಲು ಜಾಗವೇ ಉಳಿದಿರಲಿಲ್ಲ. ಜಾಗವನ್ನೆಲ್ಲ ತುಂಬಿದ್ದು ತವರಿನವರು ಪ್ರೀತಿಯಿಂದ ಕಟ್ಟಿಕೊಟ್ಟ ಮಡಿಲು.

ಈಗ ಅದನ್ನು ಸೊಸೆಗೆ ಹೇಗೆ ಹೇಳುವುದು? ನಿನ್ನಪ್ಪ ಕೊಟ್ಟದ್ದು ಬೇಡ ಎಂದರೆ ಯಾವ ಹೆಣ್ಣುಮಗಳ ಮನಸ್ಸು ಮುರಿಯುವುದಿಲ್ಲ? ಮುನಿಸಿಕೊಂಡು ಬೇರೆ ದಾರಿ ಹಿಡಿದು ಹರಿದುಹೋದರೆ? ಹೇಳಿದರೂ ಕೆರೆ ಹೋಯಿತು, ಹೇಳದಿದ್ದರೂ ಕೆರೆ ಹೋಯಿತು.

ಐದನೆಯ ಮಳೆಗಾಲ ಬಂತು. ಈ ಸಲ ಹೇಳಿಯೇ ಬಿಡುತ್ತೇನೆ ಎಂದು ದ್ಯಾವಮ್ಮ ಸೆರಗು ಬಿಗಿದು ಕೆರೆಯ ಬಾಯಲ್ಲಿ ನಿಂತಳು. ತಿಳಿಯವ್ವ ಕೆಂಪು ಕೆಂಪಾಗಿ, ಏದುಸಿರು ಬಿಡುತ್ತ ಓಡಿಬಂದಳು.

"ಅತ್ತೆ, ಅತ್ತೆ! ಅಪ್ಪ ಈ ಸಲ ಎರಡು ಬೊಗಸೆ ಜಾಸ್ತೀನೇ ಹಾಕವ್ನೆ. ಭಾರ ಆಗ್ತದೆ ಬೇಡ ಅಂದ್ರೂ ಕೇಳಲಿಲ್ಲ. ನಿನ್ ಅತ್ತೆ ಒಳ್ಳೆಯೋಳು, ಕೊಡು ಅಂದ."

ದ್ಯಾವಮ್ಮ ಬಾಯಿ ತೆರೆದಳು. ಸೊಸೆಯ ಮುಖ ನೋಡಿದಳು. "ಸುಸ್ತಾಗಿದ್ದೀಯ, ಬಾ ಮಗ, ಕೂತ್ಕೋ" ಅಂದಳು. ಅಷ್ಟೇ.

"ಚೆನ್ನಾಗಿ ಹೇಳಿದೆ" ಎಂದು ಕೊಕ್ಕರೆ ಮೂದಲಿಸಿತು. ಆ ವರ್ಷ ಮೂರೇ ಮಳೆಗೆ ಕೋಡಿ ಹರಿಯಿತು. ಕರೀ ಬಂಡೆಯ ಪಕ್ಕ ಇನ್ನು ಐದೇ ಬೆರಳು ನೀರು. "ಮೂರು ವರ್ಷ ಅಂದಿದ್ದೆ. ಬೀಗರ ಪ್ರೀತಿ ಹಿಂಗೇ ಹೆಚ್ಚಾದ್ರೆ ಇನ್ನೊಂದೇ" ಅಂದಿತು. ಆದರೆ ಈ ಸಲ ಅದು ಒಂದು ಕೆಲಸ ಮಾಡಿತ್ತು. ಅಳೆದ ಕಾಲನ್ನು ತೊಳೆಯದೆ, ಐದು ಬೆರಳಿನ ಕೆಸರು ಗೆರೆಯೊಡನೆ ಹೊಟ್ಟೆಯ ಪುಕ್ಕದೊಳಗೆ ಮಡಚಿ ಇಟ್ಟುಕೊಂಡಿತು. ಇನ್ನೊಂದೇ ಕಾಲಲ್ಲಿ ನಿಂತಿತು. ಯಾರಾದರೂ ಗುರುತು ಕೇಳಲಿ ನೋಡೋಣ ಎಂಬ ಹಟ.

ಅವರೆ ಹೂವಿನ ಹೊತ್ತಿಗೇ ಕೆರೆ ಒಣಗಿತು. ತಿಳಿಯವ್ವ ಮೋಡವಾಗಿ ತವರಿಗೆ ಹೋದಳು. ಎರಡು ಮನೆಯವರು ಆಗಲೇ ಪಾತ್ರೆ ಪಡಗ ಕಟ್ಟಿಕೊಂಡು ಬೇರೆ ಊರಿನ ದಾರಿ ಹಿಡಿದರು. ಅವರ ಬೆನ್ನು ಮರೆಯಾಗುವವರೆಗೂ ನೋಡುತ್ತ ನಿಂತಿದ್ದ ದ್ಯಾವಮ್ಮನಿಗೆ ಸಿಟ್ಟು ನೆತ್ತಿಗೇರಿತು. ಸೊಸೆಗೆ ಹೇಳಲಾಗದಿದ್ದರೆ ಬೀಗರಿಗೆ ಹೇಳುತ್ತೇನೆ ಎಂದು ದಡದಡ ಗುಡ್ಡ ಹತ್ತಿದಳು. ದಾರಿಯುದ್ದಕ್ಕೂ ಬೈಗಳನ್ನು ಹೊಂದಿಸಿಕೊಂಡಳು. ಮಗಳಿಗೆ ಕೊಡುವುದಕ್ಕೂ ಒಂದು ಮಿತಿ ಬೇಡವಾ, ಎಂಬಲ್ಲಿಂದ ಶುರುಮಾಡಬೇಕು ಎಂದುಕೊಂಡಳು.

ಗುಡ್ಡದ ಮೇಲೆ ಕಾಲಿಟ್ಟವಳು ಹಾಗೇ ನಿಂತಳು.

ಐದು ವರ್ಷದ ಹಿಂದೆ ಹೆಣ್ಣು ಕೇಳಲು ಬಂದಾಗ ಪಾದ ಹೂತುಹೋಗುವಷ್ಟು ಮಣ್ಣಿತ್ತು. ಈಗ ಬರೀ ಕಲ್ಲು. ಗುಡ್ಡಪ್ಪನ ಪಕ್ಕೆಲುಬುಗಳೆಲ್ಲ ಬಂಡೆ ಬಂಡೆಯಾಗಿ ಎದ್ದು ಕಾಣುತ್ತಿದ್ದವು. ಮರಗಳ ಬೇರು ಗಾಳಿಯಲ್ಲಿ ತೂಗುತ್ತಿದ್ದವು. ಒಂದು ಹುಲ್ಲಿನ ಎಳೆಯೂ ಇರಲಿಲ್ಲ.

"ಬೀಗರೇ, ಏನಿದು ನಿಮ್ ಸ್ಥಿತಿ!"

"ಬಾ ಬೀಗಿತ್ತಿ" ಅಂದ ಗುಡ್ಡಪ್ಪ. ದನಿ ಬತ್ತಿತ್ತು. "ಕೂರಾಕೆ ಹೇಳಾನ ಅಂದ್ರೆ ಮೆತ್ತನೆ ಜಾಗ ಒಂದೂ ಉಳಿದಿಲ್ಲ. ಮಗಳು ಹೆಂಗವ್ಳೆ ಅಲ್ಲಿ? ಮಡಿಲು ಸಾಕಾಯ್ತಾ? ಈ ಸಲ ಸ್ವಲ್ಪ ಕಡಿಮೆ ಆಗಬೌದು. ಎಲ್ಲಾದ್ರೂ ಕೆರೆದು ಹೊಂದಿಸ್ತೀನಿ."

ದಾರಿಯಲ್ಲಿ ಹೊಂದಿಸಿಕೊಂಡ ಬೈಗಳಲ್ಲಿ ಒಂದೂ ದ್ಯಾವಮ್ಮನ ನೆನಪಿಗೆ ಬರಲಿಲ್ಲ. ಅವಳು ಒಂದು ಬಂಡೆಯನ್ನು ತಬ್ಬಿಕೊಂಡು ಅತ್ತುಬಿಟ್ಟಳು. ಅಳುತ್ತಲೇ ಎಲ್ಲ ಹೇಳಿದಳು: ಕೊಡದ ಕಥೆ, ಕೊಕ್ಕರೆಯ ಕಾಲಿನ ಕಥೆ, ಊರು ಬಿಟ್ಟು ಹೋದ ಎರಡು ಮನೆಯವರ ಕಥೆ. "ನೀವು ಕೊಟ್ಟು ಕೊಟ್ಟು ಬರಿದಾದ್ರಿ. ನಾವು ಇಸ್ಕೊಂಡು ಇಸ್ಕೊಂಡು ಮುಳುಗ್ತಾ ಇದ್ದೀವಿ" ಅಂದಳು.

ಮೇಲೆ ಮೋಡವಾಗಿ ತವರಿಗೆ ಬಂದಿದ್ದ ತಿಳಿಯವ್ವ ಇದನ್ನೆಲ್ಲ ಕೇಳಿಸಿಕೊಂಡಳು. ಐದು ವರ್ಷ ಮಡಿಲಿನ ಭಾರ ನೋಡಿಕೊಂಡು ಹಿಗ್ಗುತ್ತ ಓಡಿದವಳು ಒಮ್ಮೆಯೂ ಹಿಂದೆ ತಿರುಗಿ ಅಪ್ಪನ ಮೈ ನೋಡಿರಲಿಲ್ಲ. ಈಗ ನೋಡಿದಳು.

"ಅಪ್ಪಾ" ಅಂದಳು. "ನನ್ ಮಡಿಲಿಗೆ ಹಾಕಿದ್ದು ನಿನ್ ಮೈಯಾ?"

"ಮತ್ತೆ ಇನ್ನೇನಿತ್ತವ್ವ ನನ್ ಹತ್ರ?" ಅಂದ ಗುಡ್ಡಪ್ಪ. "ಬರೀ ಮಡಿಲಲ್ಲಿ ಹೋದ್ರೆ ಮಗಳು ಸಣ್ಣಗಾಗ್ತಾಳೆ ಅಂತ."

ಆಮೇಲೆ ದ್ಯಾವಮ್ಮ ಮೂಗು ಒರೆಸಿಕೊಂಡು ಎದ್ದಳು. ಅಳುವುದು ಮುಗಿದರೆ ಅವಳಿಗೆ ಕೆಲಸ ಬೇಕು.

"ಬೀಗರೇ, ತಪ್ಪು ನನ್ದು. ತವರಿಂದ ಮಡಿಲು ಬಂದ್ರೆ ಹಂಚಬೇಕು. ನಾನು ಐದು ವರ್ಷದ್ದೂ ಹಂಗೇ ಮನೆಯೊಳಗೆ ಕೂಡಿಟ್ಟೆ. ಬೀಗರ ಮಡಿಲು ತುಂಬಾಕೆ ಒಂದು ದಿನಾನೂ ಬರಲಿಲ್ಲ. ಈಗ ಬತ್ತೀನಿ, ಇರಿ."

ಊರಿಗೆ ಇಳಿದವಳೇ ಗುದ್ದಲಿ ಮಂಕರಿ ಹಿಡಿದು ಒಣಗಿದ ಕೆರೆಯ ಬಾಯಲ್ಲಿ ಅಗೆಯಲು ಶುರುಮಾಡಿದಳು. ಕೊಕ್ಕರೆ ಮಡಚಿಟ್ಟ ಕಾಲನ್ನು ಬಿಚ್ಚಿ ಮುದ್ದಜ್ಜನ ಮೂಗಿನ ಮುಂದೆಯೇ ಚಾಚಿತು. "ಐದು ಬೆರಳು. ಗುರುತು ಕೇಳಿದ್ಯಲ್ಲ, ನೋಡು." ಮುದ್ದಜ್ಜ ಇನ್ನೂ ಗೊಣಗುತ್ತಿದ್ದ. ಅಷ್ಟರಲ್ಲಿ ದ್ಯಾವಮ್ಮ, ಮಡಿಲಿನ ಮಣ್ಣು ಎಲ್ಲಕ್ಕಿಂತ ಹೆಚ್ಚು ಬಿದ್ದಿದ್ದ ಆ ಬಾಯಲ್ಲಿ, ಸೊಂಟದಾಳಕ್ಕೆ ಅಗೆದಿದ್ದಳು. ಗುದ್ದಲಿಗೆ ಠಣ್ ಎಂದು ಏನೋ ತಗುಲಿತು. ಕೈಯಲ್ಲಿ ಮಣ್ಣು ಬಾಚಿ ನೋಡಿದರೆ, ಸೊಸೆಯನ್ನು ಬರಮಾಡಿಕೊಂಡ ದಿನ ಆರತಿ ತಟ್ಟೆ ಇಟ್ಟಿದ್ದ ಚಪ್ಪಟೆ ಕಲ್ಲು! ಅದರ ಮೇಲೆ ಕುಂಕುಮದ ಕೆಂಪು ಇನ್ನೂ ಅಂಟಿಕೊಂಡಿತ್ತು.

ಮುದ್ದಜ್ಜ ಪಂಚೆ ಎತ್ತಿ ಕಟ್ಟಿಕೊಂಡು, ಗುಂಡಿಗೆ ಇಳಿದು ಇನ್ನೊಂದು ಗುದ್ದಲಿ ಕೈಗೆತ್ತಿಕೊಂಡ.

ಆ ಬೇಸಿಗೆ ಇಡೀ ಊರು ಕೆರೆಯ ತಳದಲ್ಲೇ ಇತ್ತು. ತಳದಲ್ಲಿ ಹೂತು ಕೂತಿದ್ದ ಆ ಮಣ್ಣಿಗೆ ಹೂಳು ಎಂದು ಹೆಸರಿಟ್ಟರು. ಮಂಕರಿ ಮಂಕರಿ ಹೊತ್ತು ಹೊಲಗಳಿಗೆ ಹರಡಿದರು. ಮುಂದಿನ ಬೆಳೆಗೆ ರಾಗಿ ತೆನೆ ಭಾರ ತಾಳದೆ ಬಾಗಿದಾಗ, ಊರು ಬಿಟ್ಟು ಹೋಗಿದ್ದ ಎರಡು ಮನೆಯವರೂ ವಾಪಸು ಬಂದರು.

ಆ ಬೇಸಿಗೆಯಲ್ಲೇ, ಮಳೆ ಬೀಳುವ ಮುಂಚೆ ದ್ಯಾವಮ್ಮ ಇನ್ನೊಂದು ಕೆಲಸ ಮಾಡಿದಳು. ಕೆರೆಯ ದಡದ ಲಾವಂಚದ ಬುಡ, ಗರಿಕೆಯ ಬೇರು, ಹೊಂಗೆಯ ಬೀಜ, ಎಲ್ಲವನ್ನೂ ಮಡಿಲಿಗೆ ಕಟ್ಟಿಕೊಂಡು ಊರಿನ ಹೆಂಗಸರ ಜೊತೆ ಗುಡ್ಡ ಹತ್ತಿದಳು. ಬಂಡೆಗಳ ಸಂದಿ ಸಂದಿಯಲ್ಲಿ ಉಳಿದಿದ್ದ ಹಿಡಿ ಹಿಡಿ ಮಣ್ಣಿನಲ್ಲಿ ಅವನ್ನು ಊರಿದಳು. ಇಳಿಯುವ ದಾರಿಯಲ್ಲಿ ಮೂರು ಕಡೆ ಕಲ್ಲು ಜೋಡಿಸಿ ಮೊಣಕಾಲೆತ್ತರದ ಕಟ್ಟೆ ಮಾಡಿದಳು.

"ಇದ್ಯಾಕೆ ಅತ್ತೆ?" ಎಂದಳು ತಿಳಿಯವ್ವ ಮೇಲಿಂದ.

"ನೀನು ಓಡೋದು ಜಾಸ್ತಿ ಆಯ್ತು ಮಗ. ಇಲ್ಲಿ ಕೂತು ಸುಧಾರಿಸ್ಕೋ. ಭಾರ ಆದ್ರೆ ಒಂದಿಷ್ಟು ಇಲ್ಲೇ ಇಳಿಸಿ ಬಾ."

ಕಟ್ಟೆ ಕಟ್ಟಿ ಮುಗಿಸಿ ಅವಳು ಗುಡ್ಡಪ್ಪನಿಗೆ ಹೇಳಿದಳು: "ಇನ್ಮೇಲೆ ಮಡಿಲು ತುಂಬೋದು ಬೇಡ ಬೀಗರೇ."

ಗುಡ್ಡಪ್ಪನ ಮುಖ ಬಾಡಿತು. ಅದನ್ನು ನೋಡಿ ದ್ಯಾವಮ್ಮನಿಗೆ ತಡೆಯಲಾಗಲಿಲ್ಲ. ಅವಳಿಗೂ ಒಬ್ಬ ಅಪ್ಪನಿದ್ದ. ಕೊನೆಗಾಲದಲ್ಲಿ ಅವನ ಹತ್ತಿರ ಏನೂ ಇಲ್ಲದಿದ್ದಾಗ, ಅವಳ ಸೆರಗಿಗೆ ಎರಡು ಹುಣಿಸೆಹಣ್ಣು ಹಾಕಿ ಕಳಿಸಿದ್ದ.

"ಆಯ್ತು ಬುಡಿ" ಅಂದಳು. "ಮೊದಲ ಮಳೆ ದಿನ ಒಂದೇ ಒಂದು ಬೊಗಸೆ. ಜಾಸ್ತಿ ಹಾಕಿದ್ರೆ ಕೊಕ್ಕರೆ ಬಂದು ಹೇಳ್ತದೆ, ನೋಡಿ!"

"ಒಂದೇ ಬೊಗಸೆ" ಅಂದ ಗುಡ್ಡಪ್ಪ. ಹುಲ್ಲು ಚಿಗುರುವ ಮುಂಚೆಯೇ ಅವನ ಮೈ ತಂಪಾಯಿತು.

ಅಂದಿನಿಂದ ಗುಡ್ಡಪ್ಪ ಮಾತಿಗೆ ತಪ್ಪಿಲ್ಲ, ಮಗಳನ್ನು ಬರೀ ಮಡಿಲಲ್ಲಿ ಕಳಿಸಿಯೂ ಇಲ್ಲ. ಅದಕ್ಕೇ ಇವತ್ತಿಗೂ ಬೇಸಿಗೆಯಲ್ಲಿ ಊರಿನವರು ಒಣಗಿದ ಕೆರೆಯ ಹೂಳೆತ್ತಿ ಹೊಲಕ್ಕೆ ಹೊಡೆಯುತ್ತಾರೆ. ಅದಕ್ಕೇ ಕೊಕ್ಕರೆ ಹೋದ ವರ್ಷದ ಗುರುತು ತೊಳೆದು ಹೋಗದಿರಲಿ ಎಂದು ಒಂದು ಕಾಲನ್ನು ಪುಕ್ಕದೊಳಗೆ ಮಡಚಿಟ್ಟುಕೊಂಡು, ಇನ್ನೊಂದು ಕಾಲಲ್ಲಿ ಕೆರೆಯ ತಳ ಅಳೆಯುತ್ತ ನಿಂತಿರುತ್ತದೆ. ಮೊದಲ ಮಳೆಗೆ ಹಳ್ಳದ ನೀರು ಕೆಂಪಾಗಿ ಇಳಿದು ಬಂದರೆ, ಮಗು, ಕೊಳಕು ನೀರು ಬಂತು ಎಂದು ಮೂಗು ಮುರಿಯಬೇಡ. ಅಪ್ಪ ಕೊಟ್ಟ ಒಂದು ಬೊಗಸೆ ಮಣ್ಣನ್ನು ಮಡಿಲಲ್ಲಿ ಕಟ್ಟಿಕೊಂಡು ತಿಳಿಯವ್ವ ಅತ್ತೆಮನೆಗೆ ಬರುತ್ತಿದ್ದಾಳೆ, ಅಷ್ಟೇ.